ಸುಣ್ಣ ಬಳಿದ ಕಲ್ಲುಗಳು

ಜನವರಿ 3, ಶುಕ್ರವಾರ, ಸಂಜೆ

ಇವತ್ತೂ ಮೀಟಿಂಗಿಗೆ ಎಲ್ಲರೂ ಬರಲಿಲ್ಲ. ಲೈಬ್ರರಿ ಜಗಲಿ ಮೇಲೆ ಕೂತದ್ದು ನಾನು, ಅನು, ದಿಲೀಪ್, ನಿಂಗರಾಜು, ಇನ್ನಿಬ್ಬರು ಹುಡುಗರು. ನಮ್ಮ ಯುವ ಬಳಗ ಕಟ್ಟಿ ವರ್ಷವಾಯ್ತು. ಮಾಡಿದ್ದೇನು? ಒಂದು ಕ್ರಿಕೆಟ್ ಟೂರ್ನಮೆಂಟು. ನಾಚಿಕೆಗೇಡು.

ಚೀಲದಿಂದ ಕಿರುಹೊತ್ತಿಗೆ ತೆಗೆದೆ. 'ಯುವ ಬಳಗಗಳಿಗೆ ಸುಲಭ ಸೇವಾ ಕಾರ್ಯಗಳು' — ಮೈಸೂರಿನ ಶಿಬಿರದಲ್ಲಿ ಕೊಟ್ಟದ್ದು. ಪುಟಪುಟಕ್ಕೂ ನನ್ನ ಕೆಂಪು ಗೆರೆ. ಶಾಲೆಗೆ ನೋಟ್‌ಬುಕ್ ಹಂಚುವುದು. ಆಸ್ಪತ್ರೆಯಲ್ಲಿ ಹಣ್ಣು ಹಂಚುವುದು. ಬಸ್‌ಸ್ಟ್ಯಾಂಡಿಗೆ ಬಣ್ಣ ಬಳಿಯುವುದು. ಒಂದೂ ಹಿಡಿಸಲಿಲ್ಲ. ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ — ಅದು ಸೇವೆಯಲ್ಲ, ಫೋಟೋ.

'ಸ್ಮಶಾನ ಸ್ವಚ್ಛತೆ' ಅಂತ ಒಂದಿತ್ತು. ಅರ್ಧ ದಿನದ ಕೆಲಸ, ವಿಶೇಷ ಸಿದ್ಧತೆ ಬೇಕಿಲ್ಲ ಅಂತ ಬರೆದಿದ್ದಾರೆ. ಇದೇ ಅಂದೆ. ಕೆರೆ ಏರಿ ಕೆಳಗಿನ ನಮ್ಮ ಸ್ಮಶಾನದಲ್ಲಿ ಬರೀ ಲಂಟಾನ, ಎಕ್ಕ, ಕಳ್ಳಿ. ಹೆಣ ಹೊತ್ತವರ ಕಾಲಿಗೆಲ್ಲ ಮುಳ್ಳು. ಅಲ್ಲದೆ ಹೆಂಗಸರು ಅದರೊಳಗೆ ಕಾಲಿಡಬಾರದಂತೆ. ಯಾರು ಮಾಡಿದ ಕಾನೂನು? ನಾನೂ ಅನುವೂ ಇಡುತ್ತೇವೆ. ಹಗಲಿನಲ್ಲಿ, ಎಲ್ಲರ ಎದುರಿಗೆ.

ನಿಂಗರಾಜು ತಲೆ ಕೆರೆದುಕೊಂಡ. "ಅದೊಂದು ಬುಡಕ್ಕ. ಬ್ಯಾರೆ ಏನಾರ ಮಾಡನ." ಭಾನುವಾರ ಕೆ.ಆರ್.ಪೇಟೆಯಲ್ಲಿ ಕೆಲಸವಿದೆಯಂತೆ, ಬರೋಲ್ಲ ಅಂದ. ಭಯ. ಡಿಗ್ರಿ ಓದಿದವನಿಗೇ ಇಷ್ಟು ಭಯ.

ಜನವರಿ 5, ಭಾನುವಾರ, ಸಂಜೆ

ಮೈಕೈ ನೋವು. ಅಂಗೈಯಲ್ಲಿ ಬೊಬ್ಬೆ. ಆದರೂ ಬರೆಯಲೇಬೇಕು.

ದಿಲೀಪ್ ಟ್ರಾಕ್ಟರು ತಂದಿದ್ದ, ಹಿಂದೆ ನೆಲ ಮಟ್ಟ ಮಾಡುವ ಹಲಗೆ. ನಮ್ಮ ಕೈಯಲ್ಲಿ ಮಚ್ಚು, ಗುದ್ದಲಿ. ಮುಳ್ಳೆಲ್ಲ ಕಡಿದು ಬೆಂಕಿ ಇಟ್ಟೆವು. ಆಮೇಲೆ ಕಲ್ಲು — ಎಲ್ಲಿ ಕಾಲಿಟ್ಟರೂ ಎಡವುವ ಗುಂಡುಕಲ್ಲು, ಚಪ್ಪಡಿ ಚೂರು. ಎಲ್ಲ ಆಯ್ದು ಒಂದು ಕಡೆ ಗುಡ್ಡೆ ಹಾಕಿದೆವು. ಟ್ರಾಕ್ಟರು ಓಡಾಡಿ ನೆಲ ಸಮವಾಯ್ತು. ಪಿಚ್ ರೆಡಿ ಅಂತ ಹುಡುಗರು ನಕ್ಕರು. ಗೇಟಿನಿಂದ ಒಳಗೊಂದು ದಾರಿ ಬಿಡಿಸಿ, ಎರಡೂ ಅಂಚಿಗೆ ಅದೇ ಕಲ್ಲು ಜೋಡಿಸಿ ಸುಣ್ಣ ಬಳಿದೆವು. ಅದು ನನ್ನ ಐಡಿಯಾ. ಬಿಳೀ ಸಾಲು ಏರಿ ಮೇಲಿನಿಂದಲೂ ಕಾಣುತ್ತದೆ.

ಒಂದು ಎಕ್ಕದ ಬುಡದಲ್ಲಿ ಚಪ್ಪಟೆ ಕಲ್ಲು, ಅದಕ್ಕೆ ಅರಿಶಿನ. ಪಕ್ಕದಲ್ಲಿ ಮಗುವಿನ ಹಾಲಿನ ಬಾಟಲಿ. ಅನು ಕೈ ಹಿಂದಕ್ಕೆ ಎಳೆದುಕೊಂಡಳು. "ಪ್ಲಾಸ್ಟಿಕ್ ಕಣೆ, ಅಷ್ಟೇ" ಅಂದು ನಾನೇ ಎತ್ತಿ ಕಸದ ಚೀಲಕ್ಕೆ ಹಾಕಿದೆ. ಎಕ್ಕವನ್ನೂ ಕಿತ್ತೆ. ಇಂಥವಕ್ಕೆಲ್ಲ ಹೆದರುತ್ತಾ ಕೂತರೆ ಸಮಾಜ ಬದಲಾಗುವುದು ಯಾವಾಗ?

ಪಾಂಡವಪುರದಿಂದ ನಾವು ಕರೆದಿದ್ದ ಅತಿಥಿಗಳು ಬರುವ ಹೊತ್ತಾಗಿತ್ತು. ಬ್ಯಾನರ್ ಕಟ್ಟಿದೆವು. ಹೊಂಗೆ ಸಸಿ ನೆಟ್ಟರು. ಭಾಷಣ, ಫೋಟೋ. ನನ್ನ ಹೆಸರು ಹಿಡಿದು ಹೊಗಳಿದರು.

ಈ ಊರಿನಲ್ಲಿ ಸ್ಮಶಾನದೊಳಗೆ ಕಾಲಿಟ್ಟ ಮೊದಲ ಹೆಣ್ಣು ನಾನು. ಎರಡನೆಯವಳು ಅನು.

ಮನೆಗೆ ಬಂದರೆ ಅಪ್ಪ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿದರು. ದೇವರ ಪೂಜೆ ಮಾಡುವವರ ಮನೆ, ತಲೆಗೆ ನೀರು ಹಾಕಿಕೊಂಡು ಒಳಗೆ ಬಾ ಅಂದರು. ವಾದ ಮಾಡಿದೆ. ಕೊನೆಗೆ ಸ್ನಾನ ಮಾಡಿದೆ — ಧೂಳಿಗೆ, ಮೈಲಿಗೆಗಲ್ಲ.

ಜನವರಿ 8, ಬುಧವಾರ

ಪೇಪರಿನಲ್ಲಿ ಬಂದಿದೆ. ಫೋಟೋ ಸಮೇತ. 'ಮೌಢ್ಯ ಮೆಟ್ಟಿದ ಯುವತಿಯರು.' ನಾವು ಒಳಗೆ ಕಾಲಿಟ್ಟದ್ದೇ ಸುದ್ದಿ, ಮುಳ್ಳು ಕಡಿದದ್ದಲ್ಲ. ಅಪ್ಪ ಓದಿ ಮಡಚಿಟ್ಟರು.

ಮಧ್ಯಾಹ್ನ ಸಸಿಗೆ ನೀರು ಹಾಕುತ್ತಿದ್ದಾಗ ಮಂಚಯ್ಯ ಬಂದ. ಊರಿನಲ್ಲಿ ಸತ್ತವರಿಗೆ ಗುಂಡಿ ತೋಡುವವನು. ಗೇಟಿನ ಹತ್ತಿರವೇ ನಿಂತು ನೋಡಿದ. "ಕಲ್ಲುಗಳ್ನೆಲ್ಲ ಎಲ್ಲಿಗಾಕುದ್ರವ್ವ?" ದಾರಿ ತೋರಿಸಿದೆ. ಚೆನ್ನಾಗಿಲ್ವಾ ಅಂದೆ. ಬಿಳೀ ಸಾಲನ್ನೊಮ್ಮೆ, ಬೋಳು ನೆಲವನ್ನೊಮ್ಮೆ ನೋಡಿ ಹೋದ. ಬದಲಾವಣೆಯನ್ನು ಜನ ಮೊದಲು ಹೀಗೇ ನೋಡುತ್ತಾರೆ ಅಂತ ಎಲ್ಲೋ ಓದಿದ್ದೆ.

ಫೆಬ್ರವರಿ 9, ಭಾನುವಾರ

ನಿಧಾನಕ್ಕೆ ಬರೆಯುತ್ತೇನೆ.

ನಿಂಗರಾಜು ಮನೆಯಲ್ಲಿ ಅವನ ಅಕ್ಕ ರಮ್ಯಕ್ಕನಿಗೆ ಬಳೆ ತೊಡಿಸುವ ಶಾಸ್ತ್ರ. ಸಂತೆಬಾಚಹಳ್ಳಿಗೆ ಕೊಟ್ಟಿದ್ದಾರೆ. ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹೈಸ್ಕೂಲಿನಲ್ಲಿ ನನಗಿಂತ ಸೀನಿಯರ್. ಭಾಷಣ ಸ್ಪರ್ಧೆಗೆ ನನ್ನನ್ನು ತಳ್ಳಿ ನಿಲ್ಲಿಸಿದವಳೇ ಅವಳು.

ಅವಳ ತಾಯಿ ಯಶೋದಮ್ಮ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದರು. ಕಣ್ಣೆದುರೇ ನೀರು ಕೆಂಪಾಯ್ತು. ಆರತಿ ಎತ್ತಿದರು. ಹಸಿರು ಬಳೆ, ಮಡಿಲು ತುಂಬಾ ಹಣ್ಣು. ರಮ್ಯಕ್ಕ ನಗುತ್ತಿದ್ದಳು.

ಊಟವಾದ ಮೇಲೆ ನನ್ನನ್ನು ಹಿತ್ತಲಿಗೆ ಕರೆದಳು. ಪೇಪರಿನಲ್ಲಿ ನನ್ನ ಫೋಟೋ ನೋಡಿದಳಂತೆ, ಕತ್ತರಿಸಿ ಇಟ್ಟುಕೊಂಡಿದ್ದಾಳಂತೆ. ಆಮೇಲೆ ದನಿ ತಗ್ಗಿಸಿದಳು. ಅವಳ ಮೊದಲ ಮಗು ಇಲ್ಲೇ ತವರಿನಲ್ಲಿ ಹೋದದ್ದು ನನಗೆ ಗೊತ್ತಿತ್ತು. ಹುಟ್ಟಿ ವಾರವೂ ಆಗಿರಲಿಲ್ಲ. ಅವರ ತಾತ ಜವರಯ್ಯ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಅವಳಿಗೆ ಮುಖವನ್ನೂ ಸರಿಯಾಗಿ ತೋರಿಸಲಿಲ್ಲ. ತಾತನ ಕಾಲು ಹಿಡಿದು ಗುರುತು ಕೇಳಿಕೊಂಡಳಂತೆ. ತವರಿಗೆ ಬಂದಾಗೆಲ್ಲ, ಮನೆಯವರು ಡೈರಿಗೆ ಹಾಲು ಹಾಕಲು ಹೋದ ಹೊತ್ತಿನಲ್ಲಿ ಕದ್ದು ಹೋಗಿ ಬರುತ್ತಾಳೆ. ತಾತ ಹೋದ ವರ್ಷ ತೀರಿಕೊಂಡರು.

"ಚಪ್ಪಟೆ ಕಲ್ಲು, ಎಕ್ಕದ ಗಿಡ. ನಾನೊಂದು ಬಾಟ್ಲಿ ಇಟ್ಟಿವ್ನಿ. ಕುಡಿಯದೇ ಓಯ್ತಲ್ಲ ಅಂತ" ಅಂದಳು. "ಈ ಸಲ ಹೆರಿಗೆಗೆ ಮುಂಚೆ ಒಂದ್ಸಲ ಹೇಳ್ಬುಟ್ಟು ಬರ್ಬೇಕು. ಬಸುರಿ ಅಲ್ಲಿಗೋಯ್ತಾಳೆ ಅಂದ್ರೆ ನಮ್ಮವ್ವ ಎದೆ ಒಡ್ಕೊತಾಳೆ. ನೀನು ಧೈರ್ಯಸ್ತೆ. ನೀನ್ ಜೊತೆಗಿದ್ರೆ ನಾನು ಬೆಳಕಲ್ಲೇ ಓಯ್ತೀನಿ. ಬತ್ತೀಯಾ ಕಣಮ್ಮಿ?"

ಬರ್ತೀನಿ ಅಂದೆ.

ಅಷ್ಟೇ ಅಂದೆ. ತಾಂಬೂಲ ತೆಗೆದುಕೊಂಡು ಬಂದೆ.

ಫೆಬ್ರವರಿ 10, ಸೋಮವಾರ

ಹುಷಾರಿಲ್ಲ ಅಂತ ರಮ್ಯಕ್ಕನಿಗೆ ಮೆಸೇಜು ಹಾಕಿದೆ. ಸುಳ್ಳು.

ಜನವರಿಯ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ದೊಡ್ಡದು ಮಾಡಿ ಮಾಡಿ ನೋಡಿದೆ. ಎಲ್ಲದರಲ್ಲೂ ನಮ್ಮ ಮುಖ. ಮುಖದ ಹಿಂದೆ ಬ್ಯಾನರ್. ನೆಲ ಬ್ಯಾನರಿನ ಹಿಂದಿದೆ.

ಅವತ್ತು ಬರೆದದ್ದನ್ನು ಓದಿದೆ. 'ಒಂದು ಎಕ್ಕದ ಬುಡದಲ್ಲಿ.' ಯಾವ ಕಡೆ? ಗೇಟಿನ ಹತ್ತಿರವೋ, ಹಿಂದಿನ ಬೇಲಿಯ ಹತ್ತಿರವೋ? ಬರೆದಿಲ್ಲ. ನೆನಪೂ ಇಲ್ಲ. ಆ ಬಾಟಲಿಯನ್ನು ಕೈಯಲ್ಲಿ ಹಿಡಿದವಳು ನಾನೊಬ್ಬಳೇ. ಜವರಯ್ಯ ತಾತ ಇಲ್ಲ, ರಮ್ಯಕ್ಕನಿಗೆ ಗೊತ್ತಿದ್ದದ್ದು ಕಲ್ಲು, ಗಿಡದ ಗುರುತು ಮಾತ್ರ; ನೆಲ ಬೋಳಾದ ಮೇಲೆ ಆ ಜಾಗ ಹೇಳಬಹುದಾದವಳು ನಾನೊಬ್ಬಳೇ. ಅತಿಥಿಗಳ ಕಾರು ಬಂತೋ ಅಂತ ರಸ್ತೆ ನೋಡುತ್ತಿದ್ದೆ.

ಅನುವನ್ನು ಕೇಳಿದೆ. ಅವಳು ಹೆದರಿ ಕಣ್ಣು ಮುಚ್ಚಿದ್ದಳಂತೆ.

ಫೆಬ್ರವರಿ 12, ಬುಧವಾರ

ಮಂಚಯ್ಯನ ಮನೆಗೆ ಹೋದೆ. ರಮ್ಯಕ್ಕನ ಮಗುವಿಗೆ ಎಲ್ಲಿ ತೋಡಿದ್ದು ಅಂತ ನೆನಪಿದೆಯಾ ಅಂದೆ. ಅವನು ಬೀಡಿ ಆರಿಸಿ ಎದ್ದು ನಿಂತ. ಇಷ್ಟು ವರ್ಷದಲ್ಲಿ ಎಷ್ಟೋ ತೋಡಿದೀನಿ, ಕಲ್ಲು ನೋಡಿಕೊಂಡೇ ಮುಂದಿನದು ತೋಡುತ್ತಿದ್ದದ್ದು ಅಂದ. "ಕಲ್ಲಿದ್ರಲ್ವಾ ಗೊತ್ತಾಗದು. ಈಗ ಗುದ್ದಲಿ ಆಕಕ್ಕೆ ನಂಗೇ ಭಯ ಆಯ್ತದೆ ಕಣವ್ವ." ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ನಮ್ಮಲ್ಲಿ ಸುಡುತ್ತಾರೆ, ಕಲ್ಲು ಇಡುವ ಪದ್ಧತಿ ನನಗೆ ಹೇಗೆ ಗೊತ್ತಾಗಬೇಕಿತ್ತು ಅಂದೆ. ಬಾಯಿಂದ ಬಂದುಬಿಟ್ಟಿತು. ಅಮ್ಮ ಸೊಪ್ಪು ಸೋಸುತ್ತಿದ್ದಳು.

"ನಮ್ಮಲ್ಲೂ ಹಸುಗೂಸುಗಳನ್ನ ಸುಡೋಲ್ಲ, ಸುಮೇಧಾ. ಅಲ್ಲೇ ಹೂಳ್ತಾರೆ."

ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಯಾರನ್ನ ಅಂತ ನಾನು ಕೇಳಲಿಲ್ಲ.

ಫೆಬ್ರವರಿ 15, ಶನಿವಾರ

ನಿಂಗರಾಜು ಬಂದಿದ್ದ. ಜೊತೆಗೆ ಬಾ ಅಂತ ನನ್ನನ್ನು ಕೇಳಿದ್ದನ್ನು ರಮ್ಯಕ್ಕ ಅವನಿಗೆ ಹೇಳಿದ್ದಾಳೆ, ಬಾಟಲಿಯ ವಿಷಯವನ್ನೂ. ಅವನಿಗೆ ಮೊದಲೇ ಗೊತ್ತಿತ್ತು, ಅಕ್ಕ ಅಲ್ಲಿಗೆ ಹೋಗುತ್ತಾಳೆ ಅಂತ. ಜಾಗ ಮಾತ್ರ ಗೊತ್ತಿಲ್ಲ. ಅವತ್ತೇ ಯಾಕೆ ಹೇಳಲಿಲ್ಲ ಅಂತ ಅವನ ಮೇಲೇ ಹರಿಹಾಯ್ದೆ.

"ಮೀಟಿಂಗಲ್ಲಿ ನಮ್ಮಕ್ಕನ ವಿಚಾರ ಯೋಳನಾ? ಬುಡು ಅಂದ್ನಲ್ಲ. ನೀನು ಯಾವತ್ತು ಕೇಳಿದ್ದೆ?"

ಸರಿಯೇ.

ಆಮೇಲೆ ಬಂದ ವಿಷಯ ಹೇಳಿದ. ಡಾಕ್ಟರು ಬಿಪಿ ಜಾಸ್ತಿ ಇದೆ ಅಂದಿದ್ದಾರೆ, ಅಕ್ಕ ಗಾಬರಿಯಾಗಬಾರದು. ದಾರಿಯ ಸಾಲಿನಿಂದ ಒಂದು ಚಪ್ಪಟೆ ಕಲ್ಲು ತೆಗೆದು ಎಲ್ಲಾದರೂ ನೆಟ್ಟು, ಪಕ್ಕದಲ್ಲೊಂದು ಎಕ್ಕದ ಕಡ್ಡಿ ಊರಿಬಿಡೋಣ. ಬಾಟಲಿ ನಾಯಿ ಎಳೆದುಕೊಂಡು ಹೋಯ್ತು ಅನ್ನೋಣ. ಅವಳ ಮನಸ್ಸಿಗೆ ಸಮಾಧಾನವಾದರೆ ಸಾಕಲ್ಲ ಅಂದ.

ಸತ್ಯದ ಬಗ್ಗೆ ನನ್ನ ಹತ್ತಿರ ನಾಲ್ಕು ಪುಸ್ತಿಕೆಗಳಿವೆ. ಎಲ್ಲಕ್ಕೂ ಕೆಂಪು ಗೆರೆ ಎಳೆದಿದ್ದೇನೆ.

ಹೂಂ ಅಂದೆ. ಅವಳ ಬಿಪಿಗಾಗಿ ಅಂದುಕೊಂಡೆ. ಅಲ್ಲ. ಅವಳು ಕತ್ತರಿಸಿಟ್ಟುಕೊಂಡ ಆ ಫೋಟೋ ಹರಿಯದಿರಲಿ ಅಂತ.

ಫೆಬ್ರವರಿ 16, ಭಾನುವಾರ

ಬೆಳಿಗ್ಗೆ ನಾನೂ ನಿಂಗರಾಜೂ ಹೋದೆವು. ಚಪ್ಪಟೆ ಕಲ್ಲೇ ಹತ್ತಾರಿವೆ. ಒಂದನ್ನು ತೆಗೆದೆ. ಹೋದ ವಾರ ಯಾರೋ ಸಾಹೇಬರು ನೋಡಲು ಬರುತ್ತಾರೆ ಅಂತ ದಿಲೀಪ್ ಇನ್ನೊಂದು ಕೋಟು ಸುಣ್ಣ ಹೊಡೆದಿದ್ದ. ತೆಂಗಿನ ನಾರಿನಲ್ಲಿ ಉಜ್ಜಿದೆ. ಕೆರೆ ನೀರಿನಲ್ಲಿ ತೊಳೆದೆ. ಮಣ್ಣು ಮೆತ್ತಿ ಮತ್ತೆ ತೊಳೆದೆ. ಹಳೇ ಕಲ್ಲಿನ ಹಾಗೆಯೇ ಕಂಡಿತು. ಹಿಂದಿನ ಬೇಲಿಯ ಹತ್ತಿರ ಅರ್ಧ ಹೂತು ನಿಲ್ಲಿಸಿದೆ. ಎಕ್ಕದ ಕಡ್ಡಿ ನಿಂಗರಾಜು ಊರಿದ.

ಒಳ್ಳೇ ಕೆಲಸ ಮಾಡುವಾಗಲೂ ಇಷ್ಟು ಶ್ರದ್ಧೆ ಇರಲಿಲ್ಲ ನನಗೆ.

ಫೆಬ್ರವರಿ 17, ಸೋಮವಾರ, ಸಂಜೆ

ಡೈರಿ ಹೊತ್ತಿಗೆ ಹೋದೆವು. ರಮ್ಯಕ್ಕ, ನಾನು. ಅವಳ ಕೈಯಲ್ಲಿ ಸೆರಗು ಮುಚ್ಚಿದ ಚೊಂಬು. ಗೇಟಿನಲ್ಲಿ ಒಮ್ಮೆ ನಿಂತಳು. ಎಲ್ಲ ಬೋಳು ಬೋಳು. ಗುರುತೇ ಸಿಗಲ್ಲ ಕಣಮ್ಮಿ, ನೀನೇ ಕರ್ಕೊಂಡೋಗು ಅಂದಳು. ನನ್ನ ಭುಜ ಹಿಡಿದುಕೊಂಡು ನಡೆದಳು. ಮೈಭಾರವೆಲ್ಲ ನನ್ನ ಮೇಲೆ.

ಕಲ್ಲು ತೋರಿಸಿದೆ. ಇದೇ ಅಂದೆ. ಕಷ್ಟಪಟ್ಟು ಮಂಡಿಯೂರಿದಳು. ಎಲೆಯಲ್ಲಿ ಕಲಸಿ ತಂದಿದ್ದ ಅರಿಶಿನ ತೆಗೆದು ಕಲ್ಲಿಗೆ ಬಳಿದಳು. ಮೆಲ್ಲಗೆ, ಮಗುವಿಗೆ ಎಣ್ಣೆ ಹಚ್ಚುವ ಹಾಗೆ. ಏನೋ ಹೇಳಿಕೊಳ್ಳುತ್ತಿದ್ದಳು.

ಬೆರಳು ನಿಂತಿತು.

ಅವಳ ಬೆರಳು ಓಡಿದಲ್ಲೆಲ್ಲ ಅರಿಶಿನ ಕೆಂಪಾಗುತ್ತಿತ್ತು. ಆರತಿ ನೀರಿನ ಹಾಗೆ. ಕಲ್ಲಿನ ಸಂದು ಸಂದಿನಲ್ಲೂ ಕೆಂಪು. ಅವಳು ತನ್ನ ಬೆರಳು ನೋಡಿಕೊಂಡಳು. ತಿರುಗಿ ದಾರಿಯ ಬಿಳೀ ಸಾಲು ನೋಡಿದಳು. ಸಾಲು ಒಂದು ಕಡೆ ಬಾಯಿ ಬಿಟ್ಟಿತ್ತು.

"ಇದು ದಾರಿ ಕಲ್ಲು."

ನಾನು ಎಲ್ಲ ಹೇಳಿದೆ. ಮುಳ್ಳು, ಟ್ರಾಕ್ಟರು, ಬಾಟಲಿ.

"ಬಾಟ್ಲಿ ಎತ್ತಿದ್ದು ನೀನೇಯಾ?"

ಹೂಂ.

"ಯಾವ ಕಡೆಯಿಂದ?"

ಗೊತ್ತಿಲ್ಲ ರಮ್ಯಕ್ಕ.

"ನೋಡ್ನಿಲ್ವಾ?"

ನೋಡಲಿಲ್ಲ.

ಅವಳು ಕೈಯ ಕೆಂಪನ್ನು ಮಣ್ಣಿಗೆ ಒರೆಸಿದಳು. "ನಾನು ಬತ್ತಿದ್ದದ್ದು ಕದ್ದು. ಒಬ್ಬ ಹೆಣ್ಮಗ್ಳು ಬೆಳಕಲ್ಲಿ ಒಳಕ್ಕೆ ಬಂದ್ಲಂತೆ ಅಂದಾಗ, ಅಯ್ಯೋ ನಮ್ಮೋಳೊಬ್ಳು ಬಂದ್ಲು ಅಂದ್ಕೊಂಡೆ" ಅಂದಳು.

ಎದ್ದು ನಿಲ್ಲಲು ನನ್ನ ಕೈ ಹಿಡಿಯಲಿಲ್ಲ. ಬೇಲಿಯ ಕಂಬ ಹಿಡಿದು ಎದ್ದಳು. ದಾರಿಯ ಮೊದಲ ಕಲ್ಲಿನ ಹತ್ತಿರ ಹೋಗಿ ಬಗ್ಗಲು ನೋಡಿದಳು. ಹೊಟ್ಟೆ ಬಿಡಲಿಲ್ಲ. ಚೊಂಬು ನನ್ನ ಕಡೆ ಚಾಚಿದಳು.

"ನಂಗೆ ಬಗ್ಗಕ್ಕಾಯ್ತಿಲ್ಲ. ನೀನುಯ್ಯಿ. ಇವ್ರಲ್ಲಿ ಯಾವ್ದೋ ಒಂದು ನಂದು."

ಒಂದೊಂದು ಕಲ್ಲಿಗೂ ಸ್ವಲ್ಪ ಸ್ವಲ್ಪ ಹಾಲು ಹಾಕುತ್ತಾ ಹೋದೆ. ಅವಳು ಜೊತೆಗೆ ನಡೆದಳು. ನಡುವೆ ಒಂದು ಕಲ್ಲು ಬಿಟ್ಟು ಮುಂದೆ ಹೋದೆ, ಅದು ತೀರಾ ಚಿಕ್ಕದಿತ್ತು, ಜಲ್ಲಿ ಅಂದುಕೊಂಡೆ. ಹಿಂದಿನಿಂದ ಅಂದಳು — "ಬುಡ್ಬ್ಯಾಡ. ನಂದಲ್ದಿದ್ರೆ ಇನ್ಯಾರ್ದೋ."

ಒಂದು ಬದಿಯೂ ಮುಗಿಯುವ ಮುಂಚೆ ಚೊಂಬು ಬರಿದಾಯ್ತು. ಮಿಕ್ಕದ್ದು? ಅಂತ ಕೇಳಿದೆ. ಅವಳು ಆಗಲೇ ಗೇಟು ದಾಟಿದ್ದಳು.

"ಅದು ನಿಂಗೆ ಬುಟ್ಟಿದ್ದು."

ಮನೆಗೆ ಬಂದೆ. ನಾನೇ ಹೋಗಿ ತಲೆಗೆ ನೀರು ಹಾಕಿಕೊಂಡೆ. ಧೂಳಿರಲಿಲ್ಲ.

ಫೆಬ್ರವರಿ 18, ಮಂಗಳವಾರ, ಬೆಳಿಗ್ಗೆ

ಮಿಕ್ಕ ಕಲ್ಲುಗಳಿಗೆ ಹಾಲು ಬೇಕು ಅಂತ ರಾತ್ರಿ ಅಮ್ಮನಿಗೆ ಹೇಳಿದ್ದೆ. ಅಡುಗೆಮನೆಗೆ ಹೋದರೆ ಚೊಂಬು ಆಗಲೇ ತುಂಬಿಸಿಟ್ಟಿದೆ. ಬಾಳೆಲೆ ಮುಚ್ಚಿದೆ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಲೋಟ, ಅದರಲ್ಲೂ ಹಾಲು.

ಅಮ್ಮ ಹಿತ್ತಲ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಳೆ. ಅವಳು ಆ ಕಡೆ ಯಾವತ್ತೂ ಹೋದವಳಲ್ಲ. ಅಥವಾ ನಾನು ನೋಡಿಲ್ಲ. ಲೋಟ ಯಾರಿಗೆ ಅಂತ ಕೇಳಬಾರದು. ಅವಳಾಗಿ ಕೇಳಿದರೆ, ಎಲ್ಲಿ ಹಾಕಲಿ ಸುಮೇಧಾ, ನೀನು ಯಾವ ಕಲ್ಲು ಎಲ್ಲಿಂದ ತೆಗೆದೆ ಅಂತ ಕೇಳಿದರೆ, ನಾನು...