ಕಣ್ಣು ತೆರೆದ ಮುತ್ಯಾ

ದೇವಳಾಲಿ ಕ್ಯಾಂಪ್, ನಾಶಿಕ್
೧೪ ಡಿಸೆಂಬರ್ ೨೦೨೫

ಪ್ರೀತಿಯ ಆಯಿಗೆ ನಿನ್ನ ಮೊಮ್ಮಗಳು ವೈಷ್ಣವಿಯ ಶರಣು.

ಹೇಗಿದ್ದೀ? ಎರಡನೆಯ ಕಣ್ಣಿನ ಪೊರೆ ತೆಗೆಸಿದ ಮೇಲೆ, ಭಾಲ್ಕಿಯ ಮನೆಯ ಗೋಡೆ ಹಳದಿ ಅಲ್ಲ, ಬಿಳಿ ಅಂತ ನಿನಗೆ ಗೊತ್ತಾಯಿತಂತೆ. ದಾನಮ್ಮತ್ತೆ ಫೋನಿನಲ್ಲಿ ಹೇಳಿ ಹೇಳಿ ನಕ್ಕಳು. ಹನಿ ಔಷಧ ತಪ್ಪಿಸಬೇಡ. ಒಲೆಯ ಮುಂದೆ ಕೂರಬೇಡಿ ಎಂದ ಡಾಕ್ಟರಿಗೆ, ‘ಹಂಗಾರ ರೊಟ್ಟಿ ಬಡಿಯೂದಕ್ಕ ನೀವು ಬರ್ತೀರೇನ್ರಿ?’ ಎಂದೆಯಂತೆ. ಅವರು ಬರುವವರಲ್ಲ, ನೀನು ಕೂರುವುದನ್ನು ಬಿಡುವವಳಲ್ಲ, ಅದೂ ಗೊತ್ತು. ಇಲ್ಲಿ ಚಳಿ ಜೋರಾಗಿದೆ. ಅಪ್ಪನ ಅಂಗಡಿಯಲ್ಲಿ ಸೈನಿಕರ ಮನೆಯವರಿಗೆ ಕಂಬಳಿ, ಟ್ರಂಕು ಚೆನ್ನಾಗಿ ಹೋಗುತ್ತಿವೆ. ಅವ್ವ ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ, ಆ ಕಡೆ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತಾಳೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅತ್ತೆ ಸ್ಪೀಕರ್ ಹಾಕದೆ ಮಾತಾಡುವುದಿಲ್ಲ, ಈ ಸಲದ ಮಾತು ನಿನಗೊಬ್ಬಳಿಗೇ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಮರಾಠಿ ಶಾಲೆಗೆ ಹೋಗುವ ಹುಡುಗಿಗೆ ಪರಾತದಲ್ಲಿ ಜೋಳದ ಹಿಟ್ಟು ಹರವಿ, ಬೆರಳು ಹಿಡಿದು ನೀನೇ ತಿದ್ದಿಸಿದ ಅಕ್ಷರ ಇವು. ತಪ್ಪಿದ್ದರೆ ಬೈಗುಳವೂ ನಿನ್ನ ಪಾಲಿನದೇ.

ನಾನು ಏನು ಕೆಲಸ ಮಾಡುತ್ತೇನೆ ಎಂದು ನೀನು ಪ್ರತಿ ಸಲ ಕೇಳುತ್ತೀ, ನಾನು ಪ್ರತಿ ಸಲ ಮಾತು ಹಾರಿಸುತ್ತೇನೆ. ಹನ್ನೊಂದನೆಯ ಕ್ಲಾಸು ಅರ್ಧಕ್ಕೆ ಬಿಟ್ಟವಳಿಗೆ ಸಿಗುವುದನ್ನೆಲ್ಲ ಮಾಡಿ ನೋಡಿ ಬಿಟ್ಟಾಯಿತು. ಮೆಹಂದಿ ಹಚ್ಚಿದೆ, ಮೊಬೈಲ್ ಅಂಗಡಿಯಲ್ಲಿ ನಿಂತೆ, ದ್ರಾಕ್ಷಿ ಪ್ಯಾಕಿಂಗಿಗೂ ಹೋದೆ. ಎಲ್ಲಿಯೂ ಕಾಲು ನಿಲ್ಲಲಿಲ್ಲ. ಈಗ ಫೋನಿನಲ್ಲಿ ಒಂದು ಪೇಜು ನಡೆಸುತ್ತೇನೆ. ಹೆಸರು ‘ಖರಂ ಸಾಂಗತೆ’, ಖರೆ ಹೇಳ್ತೀನಿ ಅಂತ. ನಾಶಿಕದಲ್ಲಿ, ಸಂಭಾಜಿನಗರದಲ್ಲಿ ಎಲ್ಲಿ ಚಿತ್ರಗಳ ಪ್ರದರ್ಶನ ಇದ್ದರೂ ಹೋಗುತ್ತೇನೆ, ಚಿತ್ರದ ಮುಂದೆ ನಿಂತು ಅನಿಸಿದ್ದನ್ನು ಮರಾಠಿಯಲ್ಲಿ ಹೇಳಿ ವಿಡಿಯೊ ಹಾಕುತ್ತೇನೆ. ಬಣ್ಣದ ಶಾಸ್ತ್ರ ನನಗೆ ಗೊತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಜನ ನೋಡುತ್ತಾರೆ. ಆರ್ಟಿಸ್ಟರು ನನಗೆ ಹೆದರುತ್ತಾರೆ, ಹೆದರಿಕೊಂಡೇ ಚಹಾ ಕುಡಿಸುತ್ತಾರೆ. ‘ಜಗಳಕ್ಕ ಪಗಾರ ಕೊಡೋ ನೌಕರಿ ಇದ್ದಿದ್ರ ನೀ ಇಷ್ಟೊತ್ತಿಗೆ ಮ್ಯಾನೇಜರ್ ಆಗ್ತಿದ್ದಿ’ ಎನ್ನುತ್ತಾನೆ ಅಪ್ಪ.

ಮೊದಲು ನಿನಗೆ ನಗು ಬರುವ ಸುದ್ದಿ. ನಾಶಿಕದ ಚಿತ್ರಗಾರರಲ್ಲಿ ಅರ್ಧ ಮಂದಿ ಗೋದಾವರಿಯ ಘಾಟು ಬರೆಯುತ್ತಾರೆ, ಉಳಿದವರು ದ್ರಾಕ್ಷಿ. ದ್ರಾಕ್ಷಿಯನ್ನು ಹೋಟೆಲಿನವರು ಕೊಳ್ಳುತ್ತಾರೆ, ಹಾಗಾಗಿ ದ್ರಾಕ್ಷಿಯವರ ಕಾರು ದೊಡ್ಡದು. ಘಾಟಿನವರಲ್ಲಿ ಇಬ್ಬರು ಈಗ ಮಾತು ಬಿಟ್ಟಿದ್ದಾರೆ. ಒಬ್ಬನ ಚಿತ್ರದಲ್ಲಿ ಕೆಂಪು ಛತ್ರಿ ಹಿಡಿದ ಮುದುಕಿಯೊಬ್ಬಳು ಕೂತಿದ್ದಳು, ಮುಂದಿನ ತಿಂಗಳು ಅದೇ ಮುದುಕಿ ಇನ್ನೊಬ್ಬನ ಚಿತ್ರದಲ್ಲಿಯೂ ಬಂದು ಕೂತಳು. ನನ್ನ ಮುದುಕಿಯನ್ನು ಕದ್ದ ಎಂದು ಇಬ್ಬರೂ ಕೂಗಾಡಿದರು. ನಾನು ಘಾಟಿಗೆ ಹೋಗಿ ಆಕೆಯನ್ನೇ ಕೇಳಿದೆ. ಚೆಂಡುಹೂ ಮಾರುವವಳು. ಇಬ್ಬರೂ ತಾಸುಗಟ್ಟಲೆ ಎದುರಿಗೆ ಕೂತು ನೆರಳು ಕೆಡಿಸಿದರು, ಒಂದು ಹೂವನ್ನೂ ಕೊಳ್ಳಲಿಲ್ಲ ಎಂದಳು. ಆ ವಿಡಿಯೊ ಬಹಳ ಓಡಿತು. ಇನ್ನು ನೀನು ಇವತ್ತಿಗೂ ಔರಂಗಾಬಾದ್ ಎನ್ನುವ ಸಂಭಾಜಿನಗರದ ಮಂದಿ ನಾಶಿಕದವರದು ಕ್ಯಾಲೆಂಡರ್ ಚಿತ್ರ ಎನ್ನುತ್ತಾರೆ. ಇವರು ತಿರುಗಿ, ಅವರು ಅಜಂತಾದ ಕಮಲ ಹಿಡಿದವನನ್ನೇ ನಕಲು ಮಾಡಿ ಮಾಡಿ ಆತನ ಕೈ ನೋಯಿಸಿದರು ಎನ್ನುತ್ತಾರೆ. ಅಲ್ಲಿ ಹರಿಣಾಕ್ಷಿ ಮೇಡಂ ಅವರದೊಂದು ಹಾಲ್ ಇದೆ. ಚಿತ್ರ ಕೊಳ್ಳುವವರಿಗೆ ಗೋಡಂಬಿ, ನೋಡುವವರಿಗೆ ಬಿಸ್ಕೀಟು. ನಾನು ಏನೂ ಕೊಳ್ಳದಿದ್ದರೂ ನನಗೆ ಗೋಡಂಬಿಯೇ.

ಈಗ ಹೇಳಬೇಕಾದ್ದು ಹೇಳುತ್ತೇನೆ. ಆಯಿ, ಈ ಸಲದ ಸುದ್ದಿಯಲ್ಲಿ ನಿನ್ನ ಗಂಡ ಇದ್ದಾನೆ, ನನ್ನ ಮುತ್ಯಾ.

ಹರಿಣಾಕ್ಷಿ ಮೇಡಂ ಅವರ ಹಾಲ್‌ನಲ್ಲಿ ಕಳೆದ ತಿಂಗಳು ತನ್ಮಯ ಎಂಬ ಹುಡುಗನ ಪ್ರದರ್ಶನ ಇತ್ತು. ಕನ್ನಡದವನೇ. ಅವನ ತಂದೆ ಬಿಂದುಮಾಧವ ಅಂತ, ಬ್ಯಾಂಕಿನಲ್ಲಿದ್ದವರು, ಧಾರವಾಡದಿಂದ ವರ್ಗವಾಗಿ ಬಂದು ಇಲ್ಲೇ ನಿಂತರು. ವೈಜಾಪುರದ ಹಳೆಯ ಫೋಟೊ ಸ್ಟುಡಿಯೊ ಮುಚ್ಚಿದಾಗ ತನ್ಮಯ ಅಲ್ಲಿಯ ನೆಗೆಟಿವ್‌ಗಳನ್ನೆಲ್ಲ ಗೋಣಿಚೀಲದಲ್ಲಿ ತಂದಿದ್ದ. ಆ ಮುಖಗಳನ್ನು ಒಂದೊಂದಾಗಿ ಆಳೆತ್ತರಕ್ಕೆ ಬರೆದಿದ್ದ. ಬಾಗಿಲಿಗೆ ಎದುರಾಗಿ ತೂಗುಹಾಕಿದ್ದ ಚಿತ್ರದ ಹೆಸರು ‘ಸತ್ಕಾರ’. ರುಮಾಲು ಸುತ್ತಿ, ಶಾಲು ಹೊದ್ದು, ಹಣೆತುಂಬ ವಿಭೂತಿ ಧರಿಸಿದ ಒಬ್ಬ ಸಾವುಕಾರ, ಕೊರಳಲ್ಲಿ ಹಾರ, ಎರಡೂ ಕಡೆ ಬಾಳೆಕಂಬ. ಹಿಂದಿನಿಂದ ಯಾರೋ ಅವನ ಭುಜ ಹಿಡಿದಿದ್ದಾರೆ, ಕೈ ಮಾತ್ರ ಕಾಣುತ್ತದೆ. ಆ ಕೈಯ ತೋರುಬೆರಳಿಗೆ ಉಗುರಿಲ್ಲ. ಬೇಳೆ ಗಿರಣಿಯಲ್ಲಿ ಉಗುರು ಹೋದ ಆ ಬೆರಳನ್ನು ನಾನು ಸಣ್ಣವಳಿದ್ದಾಗ ಹಿಡಿದುಕೊಂಡೇ ನಡೆಯುತ್ತಿದ್ದೆ. ಅಪ್ಪನ ಬೆರಳು.

ನಿನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇರುವ ಫೋಟೊ ಅದು. ಮುತ್ಯಾನನ್ನು ಮಣ್ಣಿಗೆ ಒಯ್ಯುವ ಮೊದಲು ವೈಜಾಪುರದ ನಮ್ಮ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ತಲೆ ವಾಲದಂತೆ ಅಪ್ಪ ಹಿಂದೆ ನಿಂತು ಹಿಡಿದುಕೊಂಡು ತೆಗೆಸಿದ್ದು. ನೀನು ಅದನ್ನು ಗೋಡೆಗೆ ಹಾಕಲೇ ಇಲ್ಲ. ಒಮ್ಮೆ ನನಗೆ ತೋರಿಸಿ, ‘ಇದರಾಗ ಅವರ ಮಾರಿ ಅದ, ನೋಟ ಇಲ್ಲ’ ಎಂದು ತಿರುಗಿ ಸೀರೆಗಳ ಕೆಳಗೇ ಇಟ್ಟೆ. ಬೇರೆ ಫೋಟೊ ಯಾಕಿಲ್ಲ ಎಂದು ನಾನು ಕೇಳಿದ್ದಕ್ಕೆ, ‘ನನ್ನ ಮಾರಿ ಅಂಗಡಿಗೆ ಬಂದ್ರ ಪುಕ್ಕಟೆ ಕಾಣ್ತದ ಅಂತಿದ್ರು’ ಎಂದೆ. ನೋಟ ಹೇಗಿತ್ತು ಎಂದು ಕೇಳಿದೆ. ನೀನು ಬಾಗಿಲ ಕಡೆ ನೋಡುತ್ತ ‘ಇತ್ತು’ ಎಂದೆ, ಅಷ್ಟೆ.

ತನ್ಮಯನ ಚಿತ್ರದಲ್ಲಿ ಮುತ್ಯಾನ ಕಣ್ಣು ತೆರೆದಿದ್ದವು. ಗಿರಾಕಿ ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಿದ್ದೂ ಸಾಮಾನು ಕಟ್ಟಿಕೊಡುವವರ ಕಣ್ಣು. ನಾನು ಹುಟ್ಟುವ ಮೊದಲೇ ಹೋದ ಮನುಷ್ಯ ನನ್ನನ್ನು ನೋಡುತ್ತಿದ್ದ. ನಾನು ನಿಂತೇ ಇದ್ದೆ. ತನ್ಮಯ ಬಂದು, ‘ಹೆಂಗದ? ಖರೆ ಹೇಳು, ಪೇಜಿನಾಗ ಹೇಳಿದಂಗ’ ಎಂದ. ಇವರು ಯಾರು ಎಂದು ಕೇಳಿದೆ. ‘ಯಾರೋ ಸಾವುಕಾರ್ರು. ಊರಾಗ ಸತ್ಕಾರ ಮಾಡಿರಬೇಕು. ಫ್ಲ್ಯಾಶ್ ಬಿದ್ದು ಪಾಪ ಕಣ್ಣು ಮುಚ್ಚಿದ್ರು, ನಾ ತೆರೆಸೀನಿ’ ಎಂದು ನಕ್ಕ. ಅವನ ತಪ್ಪೇನೂ ಇಲ್ಲ. ಇಲ್ಲಿ ಯಾರು ರಿಟೈರಾದರೂ ಯಾರು ಎಲೆಕ್ಷನ್ ಗೆದ್ದರೂ ಹೀಗೆಯೇ ಶಾಲು ಹೊದಿಸಿ ಹಾರ ಹಾಕಿ ಕೂರಿಸುತ್ತಾರೆ. ನಮ್ಮಲ್ಲಿ ಸತ್ತವರನ್ನು ಕೂರಿಸುತ್ತೇವೆ ಎಂಬುದು ಅವನ ಮನೆಯಲ್ಲಿ ಯಾರಿಗೆ ಗೊತ್ತು? ಕಿವಿಯಲ್ಲಿ ಹೇಳಬಹುದಿತ್ತು. ಹೊರಗೆ ಕರೆದು ಹೇಳಬಹುದಿತ್ತು. ನಾನು ಫೋನು ಎತ್ತಿ, ಮುತ್ಯಾನಿಗೆ ಬೆನ್ನು ಮಾಡಿ ನಿಂತು, ವಿಡಿಯೊ ಶುರು ಮಾಡಿದೆ. ಇದು ಸತ್ಕಾರ ಅಲ್ಲ, ಇವರು ನನ್ನ ಅಜ್ಜ, ಈ ಫೋಟೊ ತೆಗೆದಾಗ ಬದುಕಿರಲಿಲ್ಲ, ತೆರೆದ ಕಣ್ಣು ಸುಳ್ಳು ಎಂದೆ. ಬಿಸ್ಕೀಟು ತಿನ್ನುತ್ತಿದ್ದವರೆಲ್ಲ ತಟ್ಟೆ ಕೆಳಗಿಟ್ಟು ಹತ್ತಿರ ಬಂದರು.

ಮರುದಿನ ಎರಡೂ ಊರಿನಲ್ಲಿ ಅದೇ ಮಾತು. ಮೇಲ್ಯಾವರ ಸತ್ಕಾರ, ಸತ್ತ ಮೇಲೆ ಸತ್ಕಾರ ಅಂತ ತನ್ಮಯನಿಗೆ ಹೆಸರಿಟ್ಟರು. ಮಾತು ಬಿಟ್ಟಿದ್ದ ಘಾಟಿನವರಿಬ್ಬರೂ ಇದಕ್ಕೆ ನಗಲು ಒಂದಾದರಂತೆ. ಒಂದು ವಾರ ಕಳೆದು ತನ್ಮಯ ಸೇಬಿನ ಚೀಲ ಹಿಡಿದುಕೊಂಡು ದೇವಳಾಲಿಗೆ ಬಂದ. ಅಪ್ಪನ ಕಾಲು ಮುಟ್ಟಿದ. ಅಂಗಡಿಯಲ್ಲಿ ಟ್ರಂಕೊಂದರ ಮೇಲೆ ಕೂತು, ‘ಕಾಕಾ, ನೀವು ಹೇಳಿದಂಗ ಮಾಡ್ತೀನ್ರಿ. ಹಂಗೇ ತಂದು ನಿಮಗ ಕೊಡ್ಲ್ಯಾ, ತಿದ್ದಲ್ಯಾ?’ ಎಂದು ಕೇಳಿದ. ಅಪ್ಪ ಬಾಯಿ ತೆರೆದಿದ್ದ. ಅಷ್ಟರಲ್ಲಿ ನಾನು, ‘ಖರೆ ಹೆಂಗಿತ್ತೋ ಹಂಗ ಇರಬೇಕು. ಸತ್ತವರ ಕಣ್ಣು ತೆರೆಸೋದು ಯಾವ ಕಲೆ?’ ಎಂದೆ. ತನ್ಮಯ ತಲೆಯಾಡಿಸಿದ. ಅಪ್ಪ ಮಡಿಚಿದ್ದ ಕಂಬಳಿಯನ್ನೇ ಬಿಚ್ಚಿ ಮತ್ತೆ ಮಡಿಚತೊಡಗಿದ.

ತನ್ಮಯ ಹೋದ ಮೇಲೆ, ಗಿರಾಕಿಗಳೂ ಹೋದ ಮೇಲೆ, ಅಪ್ಪ ಹೇಳಿದ: ‘ನಮ್ಮವ್ವಗ ಒಮ್ಮೆ ತೋರಿಸಿ ಆಮ್ಯಾಲ ನಿನ್ನ ಖರೆ ಹೇಳಬೇಕಿತ್ತು. ಆಕಿಗೆ ಈಗ ಕಣ್ಣು ಬಂದಾವ.’ ಬೈದಿದ್ದರೆ ಜಗಳವಾಡುತ್ತಿದ್ದೆ. ಅವನು ಬೈಯಲಿಲ್ಲ. ಅಷ್ಟು ದಿನ ಹಗಲೂ ರಾತ್ರಿ ಮುತ್ಯಾನ ವಿಷಯವೇ ಮಾತಾಡಿದ್ದೆ, ನಿನ್ನ ನೆನಪು ಒಂದು ಸಲವೂ ಬಂದಿರಲಿಲ್ಲ. ತನ್ಮಯನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮರುದಿನ ಅವನೇ ಹಚ್ಚಿ, ‘ಮುಗೀತು ನೋಡು, ನೀ ಹೇಳಿದಂಗ’ ಎಂದ. ಬಸ್ಸು ಹತ್ತಿದೆ. ವೈಜಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ನಮ್ಮ ಅಂಗಡಿಯಿದ್ದ ಕಡೆ ನೋಡಲು ಧೈರ್ಯವಾಗಲಿಲ್ಲ. ಹಾಲ್‌ನಲ್ಲಿ ಮುತ್ಯಾ ಅದೇ ಶಾಲು, ಅದೇ ಹಾರದಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಬಂದವರು ಚಪ್ಪಲಿ ಕಳಚಿ ನೋಡುತ್ತಿದ್ದರು. ಮೊದಲು ನಕ್ಕವರೇ ಈಗ ಹೊಗಳುತ್ತಾರೆ. ಚಿತ್ರ ಮೊದಲಿಗಿಂತ ಚೆನ್ನಾಗಿದೆ ಆಯಿ, ಇದೂ ಖರೆ, ಬರೆಯದೆ ಇರಲಾರೆ. ಆದರೆ ಅದು ನಿನ್ನ ಟ್ರಂಕಿನಲ್ಲಿ ಇರುವುದೇ ಆಯಿತು, ಸ್ವಲ್ಪ ದೊಡ್ಡದು ಅಷ್ಟೆ.

ಮೊದಲಿನ ಚಿತ್ರದ ಫೋಟೊ ಕೊಡು ಎಂದು ತನ್ಮಯನನ್ನು ಕೇಳಿದೆ. ಬಣ್ಣ ಹಸಿ ಇರುವಾಗಲೇ ಹಾಲ್‌ಗೆ ತಂದನಂತೆ, ಪ್ರದರ್ಶನ ಮುಗಿದ ಮೇಲೆ ಫೋಟೊ ತೆಗೆಯೋಣ ಎಂದುಕೊಂಡಿದ್ದನಂತೆ. ಅವತ್ತು ಬಂದಿದ್ದವರನ್ನೆಲ್ಲ ಹುಡುಕಿ ಹುಡುಕಿ ಕೇಳಿದೆ. ಎಲ್ಲರ ಫೋನಿನಲ್ಲಿಯೂ ಅವರವರ ಮುಖ. ದ್ರಾಕ್ಷಿಯವರು, ಘಾಟಿನವರು, ಮೇಡಂ, ಎಲ್ಲರೂ ಹಲ್ಲು ಬಿಟ್ಟುಕೊಂಡು ನಿಂತಿದ್ದಾರೆ. ಅವರ ಹಿಂದೆ ಒಂದರಲ್ಲಿ ಮುತ್ಯಾನ ರುಮಾಲು, ಇನ್ನೊಂದರಲ್ಲಿ ಹಾರ, ಮತ್ತೊಂದರಲ್ಲಿ ಅಪ್ಪನ ಕೈ. ನನ್ನ ವಿಡಿಯೊದಲ್ಲಂತೂ ನಾನೇ ತುಂಬಿಕೊಂಡಿದ್ದೇನೆ. ಮುತ್ಯಾನ ಮುಖ ಇರಬೇಕಾದಲ್ಲಿ ನನ್ನ ತಲೆ.

ತಿರುಗಿ ಕಣ್ಣು ಬರೆ ಎಂದು ತನ್ಮಯನನ್ನು ಬೇಡಿದೆ. ‘ಆಗ ನನಗ ಗೊತ್ತಿರಲಿಲ್ಲ ಅಂತ ಬರದೆ. ಈಗ ಕೈ ಏಳೂದಿಲ್ಲ ವೈಷ್ಣವಿ’ ಎಂದ. ಅಪ್ಪನಿಗೆ ಇದನ್ನು ನಿನಗೆ ತಿಳಿಸುವ ಮನಸ್ಸಿಲ್ಲ. ಇಲ್ಲದ್ದನ್ನು ಇತ್ತು ಎಂದು ಹೇಳಿ ಮುದುಕಿಯನ್ನು ಯಾಕೆ ನೋಯಿಸುತ್ತೀ ಎನ್ನುತ್ತಾನೆ. ಇರಬಹುದು. ಆದರೆ ನಿನ್ನ ಹತ್ತಿರ ಮುಚ್ಚಿಟ್ಟುಕೊಂಡು ಮುಂದಿನ ಯುಗಾದಿಗೆ ನಿನ್ನೆದುರು ಕೂತು ಉಣ್ಣುವುದು ನನ್ನಿಂದ ಆಗುವುದಿಲ್ಲ. ಪೇಜಿಗೆ ಆಮೇಲೆ ಏನೂ ಹಾಕಿಲ್ಲ. ಜನ ಕೇಳುತ್ತಿದ್ದಾರೆ, ಕೇಳಲಿ.

ದಾನಮ್ಮತ್ತೆಗೆ, ಮಾವನಿಗೆ ಶರಣು ಹೇಳು. ತಣ್ಣೀರು ಮುಟ್ಟಬೇಡ, ಹೊರಗೆ ಬಿಸಿಲಿಗೆ ಹೋಗುವಾಗ ಆ ಕರಿ ಕನ್ನಡಕ ಹಾಕಿಕೋ, ಯಾರು ನಕ್ಕರೂ ನಗಲಿ. ಬೈಯುವುದಿದ್ದರೆ ಬೈದು ಬರೆ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಮೊಮ್ಮಗಳು,
ವೈಷ್ಣವಿ ರೇವಣಪ್ಪ

ತಾ.ಕ. ಅಂಟು ಹಚ್ಚುವ ಮೊದಲು ಮತ್ತೆ ಲಕೋಟೆ ಬಿಚ್ಚಿದೆ. ಒಳಗೆ ಮಡಿಚಿದ ಕಾಗದವೊಂದಿದೆ, ಹನಿ ಹಾಕಿದ ಕೂಡಲೆ ನೋಡಬೇಡ, ಕಣ್ಣು ತಿಳಿಯಾದ ಮೇಲೆ ನೋಡು. ನನ್ನ ವಿಡಿಯೊ ಮತ್ತೆ ನಿಲ್ಲಿಸಿ ನಿಲ್ಲಿಸಿ ನೋಡಿದೆ, ಒಂದು ಕಡೆ, ಯಾರೋ ಕರೆದರೆಂದು ನಾನು ಕತ್ತು ಹೊರಳಿಸಿದ್ದೇನೆ. ಆಗ ನನ್ನ ಕಿವಿಯ ಪಕ್ಕದಲ್ಲಿ ಮುತ್ಯಾನ ಒಂದು ಕಣ್ಣು ಕಾಣುತ್ತದೆ. ಅದನ್ನಷ್ಟೇ ದೊಡ್ಡದು ಮಾಡಿಸಿ ಪ್ರಿಂಟು ತೆಗೆಸಿದ್ದೇನೆ, ಸ್ವಲ್ಪ ಮಸುಕಾಗಿದೆ. ನೋಟ ಅದೇ ಹೌದೇನು, ಬರೆದು ತಿಳಿಸು. ಅಲ್ಲ ಅಂತ ನೀನು ಬರೆದರೆ ನಾನು ನಂಬುತ್ತೇನೆ ಆಯಿ, ತಿರುಗಿ ಕೇಳುವುದಿಲ್ಲ.