ತೆರಿಗೆ ಕಟ್ಟದವನ ಮಾತು

ಜೂನ್ ೧೪, ಮಂಗಳವಾರ

ಸಂಜೆಯಿಂದ ಒಳಗೆ ಉರಿಯುತ್ತಿರುವುದು ಹೊಟ್ಟೆಕಿಚ್ಚೇ. ಬೇರೆ ಹೆಸರು ಸಿಗಲಿಲ್ಲ.

ನಗರಸಭೆ ದುಡಿಯುವವರ ಮೇಲೆ ಹಾಕುವ ವೃತ್ತಿ ತೆರಿಗೆಗೆ ಮಿತಿ ಬೇಕೇ ಎಂದು ಜನರನ್ನು ಕೇಳಲು ಸರ್ಕಾರದ ಅಧಿಕಾರಿ ಬಂದಿದ್ದರು. ವರ್ಷವಿಡೀ ಕರಪತ್ರ ಓದಿ ತಯಾರಾದವನು ನಾನು. ಸಭೆಯಲ್ಲಿ ಎದ್ದು ನಿಂತರೆ ಅವರ ಗುಮಾಸ್ತ, “ತೆರಿಗೆ ಕಟ್ತೀರಾ? ಇಲ್ವಾ? ಕೆಲಸ ಸಿಕ್ಕಮೇಲೆ ಬನ್ನಿ” ಎಂದ.

ಮೊನ್ನೆ ಮೊನ್ನೆ ಹೊಲಿಗೆ ಅಂಗಡಿ ತೆರೆದ ತಂಗಿ ಎದ್ದಳು. “ಸಾರ್, ಒಂದು ಅಂಗಿ ಹೊಲಿಯೋಕೂ ನಾವು ಅಳತೆ ತಗೋತೀವಿ. ಇವರು ಅಳತೇನೇ ಇಲ್ದೆ ಕತ್ತರಿ ಹಾಕ್ತಾರೆ.” ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಅಧಿಕಾರಿ ಬರೆದುಕೊಂಡರು.

ದಾರಿಯಲ್ಲಿ, “ಅಣ್ಣಾ, ನೀನು ಹೇಳಿಕೊಟ್ಟಿದ್ದೆಲ್ಲ ಮರ್ತೇಹೋಯ್ತು ಕಣೋ” ಎಂದಳು.

ಆ ತೆರಿಗೆ ಅನ್ಯಾಯವೆಂದು ಈಗಲೂ ನಂಬಿದ್ದೇನೆ. ಆದರೆ ಅದನ್ನು ಒಮ್ಮೆ ನನ್ನ ಮೇಲೂ ಹಾಕಿದ್ದರೆ, ಇವತ್ತು ಎದ್ದು ನಿಂತು ಅದು ಅನ್ಯಾಯವೆಂದು ನಾನೂ ಹೇಳಬಹುದಿತ್ತು.