ಹೆಸರು ಹಾಕಿ ಕೇಳಿದ ದಿನ

ಶಕೆ ೨೧೪೯, ಕಾವು ಮಾಸ, ಬಹುಳ ಪಂಚಮಿ
ಕೆಂಚನಗಟ್ಟಿ, ಕೆರೆಯ ಈಚೆ ದಂಡೆ

ಕರಿಗುಡ್ಡದ ಬುಡದಲ್ಲಿ ಬಾಳುತ್ತಿರುವ ನಮ್ಮ ಹಿರಿಯರಿಗೆ ಸಾಬವ್ವ ಮಾಡುವ ಶರಣು.

ಕಾವು ಮಾಸ ಎಂಬುದು ನಿಮ್ಮ ಪಂಚಾಂಗದಲ್ಲಿಲ್ಲ. ವೈಶಾಖ ಮುಗಿದರೂ ಬಿಸಿಲು ಮುಗಿಯದೆ ಹೋದದ್ದಕ್ಕೆ ನಮ್ಮ ಮುತ್ತಜ್ಜಂದಿರು ಜ್ಯೇಷ್ಠಕ್ಕೆ ಮೊದಲು ಇನ್ನೊಂದು ತಿಂಗಳು ಕೂಡಿಸಿಕೊಂಡರು. ಈ ತಿಂಗಳಲ್ಲಿ ಮದುವೆಯಿಲ್ಲ, ಬಿತ್ತನೆಯಿಲ್ಲ, ಹೊತ್ತೇರಿದ ಮೇಲೆ ಬೀದಿಗೆ ಕಾಲಿಡುವುದಿಲ್ಲ. ಈ ಕಾಗದ ಹಿಂಗಾಳಿ ಅಂಚೆಯಲ್ಲಿ ಬರುತ್ತದೆ. ಅದು ಹಿಂದಿನ ಕಾಲಕ್ಕೆ ಹೇಗೆ ಹೋಗುತ್ತದೆಂದು ನನಗೆ ತಿಳಿಯದು. ದುರುಗಮ್ಮನ ಮುಂದೆ ಇಟ್ಟು ಕೈಮುಗಿದು ಹಾಕಿದ್ದೇನೆ. ನಾನು ಏಳನೆಯತನಕ ಓದಿದವಳು, ವಯಸ್ಸು ಐವತ್ತು. ಮಾತು ಒರಟೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ನೀವು ಅಂಗೈಯಲ್ಲಿ ಹಿಡಿದು ಮಾತಾಡಿಸುತ್ತಿದ್ದ ವಸ್ತುವಿನ ಮರಿಮಗ ನಮ್ಮ ಹೇಳುಗಲ್ಲು. ಕರ್ರಗೆ, ಕುಟ್ಟುವ ಒಳ್ಳಿನಷ್ಟು ಎತ್ತರ. ಬಿಸಿಲು ಕುಡಿದು ಬದುಕುತ್ತದೆ. ಹಿಂದಿನವರು ಬರೆದದ್ದೆಲ್ಲ ಅದರ ಹೊಟ್ಟೆಯಲ್ಲಿದೆ. ಏನು ಕೇಳಿದರೂ ತಡವರಿಸದೆ, ತಗ್ಗಿದ ದನಿಯಲ್ಲಿ, ಮನೆಗೆ ಬಂದ ಬೀಗರ ಹಾಗೆ ಮರ್ಯಾದೆಯಿಂದ ಹೇಳುತ್ತದೆ. ಊರವರು ಅದನ್ನು ದುರುಗಮ್ಮನ ಗುಡಿಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ನೆಟ್ಟಿದ್ದರು. ಬರುಬರುತ್ತ ಅದಕ್ಕೂ ಕುಂಕುಮ ಬಿತ್ತು. ನನಗದು ಸೇರಲಿಲ್ಲ. ನಮ್ಮವ್ವ ದುರುಗಮ್ಮ ಎಂದೂ ಉತ್ತರ ಕೊಟ್ಟವಳಲ್ಲ. ಅವಳ ಮುಂದೆ ಅತ್ತು, ಎದ್ದು ಹೋಗಿ ನಮ್ಮ ಕೆಲಸ ನಾವೇ ಮಾಡಬೇಕು. ಅದೇ ಅವಳ ಕರುಣೆ ಎಂದು ನಾನು ತಿಳಿದವಳು.

ಅದೇ ಅಂಗಳದ ಇನ್ನೊಂದು ಬದಿಗೆ ಕೆದಕುಮನೆ. ನಿಮ್ಮ ಕಾಲದಲ್ಲಿ ಶಾಲೆ ಎನ್ನುತ್ತಿದ್ದಿರಿ. ಅಲ್ಲಿ ಮೌನೇಶ ಮಾಸ್ತರರು ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎನ್ನುವುದಕ್ಕಿಂತ ಮಕ್ಕಳು ಕೆದಕುವುದನ್ನು ಕಾಯುತ್ತಿದ್ದರು ಎನ್ನಬೇಕು. ಅವರು ಕೆರೆಯ ಆಚೆ ದಂಡೆಯ ಊರಿನವರು, ದಿನಾ ತೆಪ್ಪದಲ್ಲಿ ಬರುತ್ತಿದ್ದರು. ಮಕ್ಕಳು ಏನಾದರೂ ಕೇಳಿದರೆ ಉತ್ತರ ಹೇಳುವ ಪದ್ಧತಿಯೇ ಅವರದಲ್ಲ. ಒಂದನ್ನು ಬದಲಿಸು, ಉಳಿದದ್ದನ್ನು ಮುಟ್ಟಬೇಡ, ಮತ್ತೆ ನೋಡು, ಅಷ್ಟೇ ಅವರ ಪಾಠ. ನನ್ನ ಮಗಳು ಹೊನ್ನಿ ಮನೆಯಲ್ಲೂ ಹಾಗೇ ಮಾಡುತ್ತಿದ್ದಳು. ಒಂದು ರೊಟ್ಟಿ ಮುಚ್ಚಿಟ್ಟು, ಒಂದನ್ನು ತೆರೆದಿಟ್ಟು, ಬೂಸಲು ಯಾವುದಕ್ಕೆ ಹತ್ತುತ್ತದೆ ಎಂದು ಕಾಯುವಳು. ನಮ್ಮೂರ ಗೌಡರಾದ ಶಿವನಗೌಡರ ತಮ್ಮ ಭೀಮಣ್ಣ ಮಾಸ್ತರರನ್ನು ತಡೆದು ಕಾಡಿಸುತ್ತಿದ್ದ. "ಏ ಮಾಸ್ತರ, ನೀನೂ ಹೇಳೂದಿಲ್ಲ, ಮತ್ತ ಹುಡುಗರನ್ನ ಕೇಳ್ತಿ. ಹಂಗಾದ್ರ ಜ್ವಾಳಾ ನಿನಗ ಕೊಡ್ಬೇಕೋ ಹುಡುಗರಿಗೆ ಕೊಡ್ಬೇಕೋ?" ಮಾಸ್ತರರು ನಗುತ್ತಿದ್ದರು. "ಒಂದ್ ಸಲ ಹುಡುಗರಿಗೆ ಕೊಟ್ ನೋಡ್ರಿ. ಏನಾಗ್ತೈತಿ ಗೊತ್ತಾಗ್ತದ."

ಹೋದ ವರ್ಷ ಇದೇ ಮಾಸದಲ್ಲಿ ಕೆರೆಯಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಆಮೇಲೆ ಕರುಗಳು ಸತ್ತವು, ಆಮೇಲೆ ಬಾಲವ್ವನ ಕೂಸು. ಕೆದಕುಮನೆಯ ಮಕ್ಕಳು ಕೆರೆಯ ಆಚೆ ದಂಡೆಯಿಂದ, ಈಚೆ ದಂಡೆಯಿಂದ, ಕರಿಗುಡ್ಡದಿಂದ ಇಳಿಯುವ ಹಳ್ಳದಿಂದ ನೀರು ತಂದು, ಬೇರೆ ಬೇರೆ ಗಡಿಗೆಯಲ್ಲಿ ಹಾಕಿ, ದೂರದ ಬಾವಿಯ ಮರಿಮೀನು ಬಿಟ್ಟು ಕಾಯುತ್ತ ಕುಳಿತಿದ್ದರು.

ಕೂಸನ್ನು ಮಣ್ಣು ಮಾಡಿ ಬಂದ ಜನ ನೇರ ಹೇಳುಗಲ್ಲಿನ ಮುಂದೆ ನಿಂತರು. ಶಿವನಗೌಡರು ಮುಂದೆ ಬಂದು ಕೇಳಿದರು. "ಆಚೀ ದಂಡಿಯವರು ನಮ್ಮ ಕೆರಿಗೆ ಯಾಕ ವಿಷಾ ಹಾಕ್ಯಾರ?" ಕಲ್ಲು ಹೇಳಿತು. ನೀರಿನ ಪಾಲಿನ ಹಳೆಯ ಜಗಳ, ಮುರಿದ ಒಂದು ಮದುವೆ, ಈಚೆ ದಂಡೆ ಖಾಲಿಯಾದರೆ ಅವರಿಗಾಗುವ ಲಾಭ. ಒಂದೊಂದೂ ನಮಗೆ ಗೊತ್ತಿದ್ದ ಸಂಗತಿಯೇ. ಹಾಕಿದ್ದಾರೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಕೇಳದ್ದನ್ನು ಕಲ್ಲು ಹೇಳಲಿಲ್ಲ.

ಯಾರೋ ತಿರುಗಿ ಗಡಿಗೆಗಳನ್ನು ನೋಡಿದರು. ಒಂದರಲ್ಲಿ ಮೀನು ಸತ್ತು ತೇಲುತ್ತಿತ್ತು. "ಇಲ್ಲೇ ಕುದಿಸ್ಯಾನಲ್ರೋ ವಿಷಾ!" ಎಂಬ ಕೂಗು ಎದ್ದಿತು. ಮಾಸ್ತರರನ್ನು ಕೂದಲು ಹಿಡಿದು ಅಂಗಳಕ್ಕೆ ಎಳೆದರು. ಗಡಿಗೆಗಳನ್ನು ಒಡೆದು ಆ ಬೋಕಿಗಳಿಂದಲೇ ಮುಖಕ್ಕೆ ಹೊಡೆದರು. ದವಡೆ ಮುರಿದ ಸಪ್ಪಳ ನನಗೆ ಕೇಳಿಸಿತು, ಹಸಿ ಕಬ್ಬು ಮುರಿದ ಹಾಗೆ. ಎಡಗೈಯ ಮೇಲೆ ಒನಕೆ ಬಿತ್ತು. ಮಕ್ಕಳು ಚೀರಾಡುತ್ತಿದ್ದರು. ನಾನು ಮಗಳನ್ನು ಹುಡುಕುತ್ತ ಗುಂಪಿನೊಳಗೆ ನುಗ್ಗಿದೆ.

ಹೊನ್ನಿ ಕಲ್ಲಿನ ಮುಂದಿದ್ದಳು. ಹನ್ನೊಂದು ವರ್ಷದ ಹುಡುಗಿ, ಕಲಿತದ್ದನ್ನು ಮಾಡಿದಳು. ಒಂದನ್ನು ಬದಲಿಸಿದಳು, ಉಳಿದದ್ದನ್ನು ಮುಟ್ಟಲಿಲ್ಲ. "ಶಿವನಗೌಡ್ರು ನಮ್ಮ ಕೆರಿಗೆ ಯಾಕ ವಿಷಾ ಹಾಕ್ಯಾರ?" ಕಲ್ಲು ಅದೇ ದನಿಯಲ್ಲಿ, ಅದೇ ಮರ್ಯಾದೆಯಿಂದ ಹೇಳಿತು. ಆಚೆಯವರ ಮೇಲೆ ಅಪವಾದ ಹೊರಿಸಲು, ಅವರ ಹೊಲ ಕಸಿಯಲು, ಹೋಗುತ್ತಿರುವ ಗೌಡಿಕೆ ಉಳಿಸಿಕೊಳ್ಳಲು. ಹೊನ್ನಿ ಜನರ ಕಡೆ ತಿರುಗಿದಳು. ಈಗ ಇವರಿಗೆ ಗೊತ್ತಾಯಿತು, ಕಲ್ಲು ಯಾರ ಹೆಸರು ಹಾಕಿದರೂ ಹೇಳುತ್ತದೆ, ಎಂದು ಅವಳು ತಿಳಿದಳು.

ಜನ ಅದನ್ನೂ ನಂಬಿದರು.

ಅದನ್ನು ವಿಸ್ತಾರವಾಗಿ ಬರೆಯಲು ನನ್ನ ಕೈ ಬರುವುದಿಲ್ಲ. ಗೌಡರು ಒಳ್ಳೆಯ ಮನುಷ್ಯ, ಸಿಟ್ಟು ಜಾಸ್ತಿ, ಕೈ ದೊಡ್ಡದು. "ಏ, ನಾನ್ರೋ, ನಾನು!" ಎಂದರು. ಅಷ್ಟೇ ಅವರ ಕಡೆಯ ಮಾತು. ಮಾಸ್ತರರ ಮೇಲೆ ಬೀಳುತ್ತಿದ್ದ ಒನಕೆಗಳೇ ಅವರ ಮೇಲೆ ಬಿದ್ದವು. ಬೇವಿನ ಬುಡದಲ್ಲಿ ಕುಂಕುಮ ಯಾವುದು, ರಕ್ತ ಯಾವುದು ತಿಳಿಯದಾಯಿತು.

ಹೊನ್ನಿ ಹುಚ್ಚು ಹಿಡಿದವಳಂತೆ ಕಿರುಚಿದಳು. "ಹೊನ್ನಿ ಯಾಕ ವಿಷಾ ಹಾಕ್ಯಾಳ?" ಕಲ್ಲು ಹೇಳಿತು. ಮಕ್ಕಳಿಗೆ ಕುತೂಹಲ ಹೆಚ್ಚು, ಗಡಿಗೆಯಲ್ಲಿ ಮೀನು ಸಾಯಿಸಿ ನೋಡುವ ಆಟ ಕೆರೆಗೂ ಹಬ್ಬಿರಬಹುದು. ಆ ಹೊತ್ತಿಗೆ ಸುದ್ದಿ ತಿಳಿದು ಹೊಲದಿಂದ ಓಡಿಬಂದಿದ್ದ ಭೀಮಣ್ಣ ಅಣ್ಣನ ಹೆಣ ನೋಡಿದ, ನನ್ನ ಮಗಳನ್ನು ನೋಡಿದ, ಕೊಡಲಿ ಎತ್ತಿಕೊಂಡು ಬಂದ.

ನಾನು ಅಡ್ಡ ನಿಂತೆ. ದುರುಗಮ್ಮನಾಣೆ, ಅದು ಧೈರ್ಯವಲ್ಲ. "ಕಡಿಯೂದಾದ್ರ ಕಡಿ, ಭೀಮಣ್ಣ. ಅದಕಿಂತ ಮೊದಲ ನಿನ್ನ ಹೆಸರ ಹಾಕಿ ಒಮ್ಮೆ ಕೇಳು. ಹಾಕೀಯೋ ಇಲ್ಲೋ, ಅದು ನಿನಗ ಗೊತ್ತೈತಲ್ಲ?"

ಅವನು ಕೊಡಲಿ ಇಳಿಸದೆಯೇ ಕೇಳಿದ. "ಭೀಮಣ್ಣ ಯಾಕ ವಿಷಾ ಹಾಕ್ಯಾನ?" ಕಲ್ಲು ಹೇಳಿತು. ಅಣ್ಣನ ಗೌಡಿಕೆಯ ಮೇಲಿನ ಆಸೆ, ಬಹಳ ದಿನದ ಹೊಟ್ಟೆಕಿಚ್ಚು. "ನಾ ಹಾಕಿಲ್ಲ!" ಎಂದ. "ಕ್ಷಮಿಸಬೇಕು, ತಾವು ಹಾಕಿಲ್ಲ," ಎಂದಿತು ಕಲ್ಲು. ಅವನು ಹೆಣದ ಕಡೆ ತಿರುಗಿದ. "ಹಂಗಾದ್ರ ನಮ್ಮಣ್ಣ?" ಕಲ್ಲು ಹೇಳಿತು. "ಅವರೂ ಹಾಕಿಲ್ಲದಿರಬಹುದು. ಹಾಕಿದ್ದಾರೆಂದು ತಾವುಗಳೇ ಹೇಳಿ, ಕಾರಣ ಮಾತ್ರ ನನ್ನನ್ನು ಕೇಳಿದಿರಿ."

ಕೊಡಲಿ ಕೈಯಿಂದ ಜಾರಿತು. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದು ತಮ್ಮ ತಮ್ಮ ಹೆಸರು ಹಾಕಿ ಕೇಳಿದರು. ಕಲ್ಲು ಒಬ್ಬರನ್ನೂ ಬಿಡಲಿಲ್ಲ. ಎಲ್ಲರಿಗೂ ಕಾರಣ ಇತ್ತು. ಕೇಳಿದವರು ಅಲ್ಲೇ, ಹೆಣದ ಸುತ್ತ, ಕುಸಿದು ಕುಳಿತರು. ಕಲ್ಲನ್ನು ಒಡೆಯಲು ಎದ್ದವನನ್ನು ಮಾಸ್ತರರು ಬಲಗೈ ಎತ್ತಿ ತಡೆದರು. ದವಡೆ ಮುರಿದು ಬಾಯಿ ಆಗ ಅವರಿಗೆ ಇರಲಿಲ್ಲ.

ಅದಕ್ಕೇ ಕಲ್ಲು ಇಂದಿಗೂ ಇದೆ, ಕುಂಕುಮವಿಲ್ಲದೆ. ಈಗ ಕೆದಕುಮನೆಗೆ ಸೇರುವ ಮಗು ಮೊದಲ ದಿನ ಅದರ ಮುಂದೆ ನಿಂತು, ತಾನು ಮಾಡದ ಒಂದು ತಪ್ಪಿಗೆ ತನ್ನ ಹೆಸರು ಹಾಕಿ ಕೇಳುತ್ತದೆ. ನಾನು ಯಾಕೆ ಬೆಲ್ಲ ಕದ್ದೆ? ನಾನು ಯಾಕೆ ತಮ್ಮನನ್ನು ತಳ್ಳಿದೆ? ಕಲ್ಲು ಚೆಂದದ ಕಾರಣ ಕೊಡುತ್ತದೆ, ಮಗು ಬೆಪ್ಪಾಗುತ್ತದೆ. ಆ ಬೆಪ್ಪೇ ಮೊದಲ ಪಾಠ. ಗೌಡರ ಹೆಂಡತಿ ನಿಂಗಮ್ಮ ಆ ದಿನ ಬಂದು ಎದುರಿಗೆ ಕೂರುತ್ತಾಳೆ. ಮುಗಿದ ಮೇಲೆ ಪ್ರತಿ ಮಗುವಿನ ಕೈಗೂ ನಿಜವಾದ ಬೆಲ್ಲ ಇಡುತ್ತಾಳೆ. ಹೊನ್ನಿಯ ಕೈಗೆ ಇನ್ನೂ ಇಟ್ಟಿಲ್ಲ. ಹೊನ್ನಿ ಪ್ರತಿ ಸಲ ಸಾಲಿನ ಕೊನೆಯಲ್ಲಿ ಕೈ ಚಾಚಿ ನಿಲ್ಲುತ್ತಾಳೆ.

ಮೀನು ಸತ್ತದ್ದು ಹಳ್ಳದ ನೀರಿನ ಗಡಿಗೆಯಲ್ಲಿ. ಮಕ್ಕಳು ಹೊಸ ಗಡಿಗೆ ತಂದು ಮತ್ತೆ ನೋಡಿದರು, ಮತ್ತೆ ಹಳ್ಳದ ನೀರಿನಲ್ಲೇ ಸತ್ತವು. ಹಳ್ಳ ಹಿಡಿದು ಮೇಲೆ ಹತ್ತಿದರೆ ಕರಿಗುಡ್ಡದ ಮಗ್ಗುಲಲ್ಲಿ ಮಣ್ಣು ಕುಸಿದು, ತುಕ್ಕು ತಿಂದ ಪೀಪಾಯಿಗಳು ಬಾಯಿ ತೆರೆದಿದ್ದವು. ಅವುಗಳ ಮೇಲೆ ನಿಮ್ಮ ಕಾಲದ ಅಕ್ಷರಗಳಿದ್ದವು. ಮೇಲಿನವು ಮಾತ್ರ ಕಂಡಿವೆ. ಒಳಗೆ ಗುಡ್ಡ ಟೊಳ್ಳು, ಮೆಟ್ಟಿದರೆ ಸಪ್ಪಳ ಬರುತ್ತದೆ. ಮುಂದಿನ ಮಳೆಗೆ ಅದೂ ಕುಸಿದರೆ ಎರಡೂ ದಂಡೆಯಲ್ಲಿ ಕೂಸು ಉಳಿಯುವುದಿಲ್ಲ.

ನನಗೆ ಬಂದ ಸಿಟ್ಟಿಗೆ, ನೀವು ಯಾಕೆ ನಮ್ಮ ಮಕ್ಕಳ ತಲೆಯ ಮೇಲೆ ವಿಷ ಹೂತಿಟ್ಟಿರಿ ಎಂದು ಬರೆದಿದ್ದೆ. ಹೊನ್ನಿ ಓದಿದಳು. "ಯವ್ವಾ, ಈ ಕಾಗದ ಓದೋರೇ ಹೂತಾರಂತ ನಿನಗ ಗೊತ್ತೇನು?" ಎಂದಳು. ನಾನು ಆ ಸಾಲು ಹೊಡೆದು ಹಾಕಿದೆ.

ಆದ್ದರಿಂದ ಹೀಗೆ ಕೇಳುತ್ತೇನೆ. ಕರಿಗುಡ್ಡದ ಒಳಗೆ ಏನಿದೆ? ಗೊತ್ತಿದ್ದರೆ ತಾಮ್ರದ ತಗಡಿನ ಮೇಲೆ ಕೊರೆದು ದುರುಗಮ್ಮನ ಪಾದದ ಕೆಳಗೆ ಇಡಿರಿ, ನಾವು ಅಗೆದು ತೆಗೆದುಕೊಳ್ಳುತ್ತೇವೆ. ಗೊತ್ತಿಲ್ಲದಿದ್ದರೆ ನಿಮ್ಮ ಅಂಗೈಯಲ್ಲಿರುವುದನ್ನು ಕೇಳಬೇಡಿರಿ. ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತಿ ನೋಡಿರಿ.